ಕಂತು ಕಟ್ಟುವ ಮಾತು

ಸಾಲದ ವ್ಯವಹಾರಕ್ಕೆ ಸೇರಿದ ಕನ್ನಡ ಪದಗಳಲ್ಲಿ ‘ಕಂತು’ ಎಂಬುದರಷ್ಟು ಸಾಧುವಾಗಿ ಕಾಣುವ ಪದ ಇನ್ನೊಂದಿಲ್ಲ. ‘ಸಾಲ’ ಎಂದೊಡನೆ ‘ಸೋಲ’ ಜೊತೆಗೂಡಿಕೊಂಡು ‘ಸಾಲಸೋಲ’ವಾಗುತ್ತದೆ, ‘ಬಡ್ಡಿ’ ಎಂದರೆ ಚಕ್ರಬಡ್ಡಿ, ಮೀಟರ್ ಬಡ್ಡಿಗಳು ನೆನಪಾಗುತ್ತವೆ, ‘ಜಪ್ತಿ’ ಎಂಬ ಮಾತನ್ನು ಸಂಜೆಯ ಹೊತ್ತು ಮನೆಯಲ್ಲಿ ಯಾರೂ ಆಡಲೊಲ್ಲರು. ಕಂತಿಗೆ ಮಾತ್ರ ಇಂಥ ಅಪಶಕುನ ಅಂಟಿಕೊಂಡಿಲ್ಲ. ದೊಡ್ಡದೊಂದನ್ನು ಸಣ್ಣ ಸಣ್ಣ ಭಾಗ ಮಾಡಿ, ಒಂದೊಂದು ಭಾಗಕ್ಕೂ ಒಂದೊಂದು ದಿನವನ್ನು ಗೊತ್ತುಪಡಿಸಿದರೆ ಆ ಭಾಗವೇ ಕಂತು. ಹೀಗಾಗಿ ವಾರಪತ್ರಿಕೆಯ ಧಾರಾವಾಹಿಗೂ ಕಂತುಗಳಿವೆ, ಟಿ.ವಿ. ಧಾರಾವಾಹಿಗೂ ಇವೆ, ‘ಮುಂದಿನ ಕಂತಿನಲ್ಲಿ’ ಎಂದು ಓದಿದವರು ಆತುರದಿಂದ ಕಾಯುತ್ತಾರೆಯೇ ಹೊರತು ಹೆದರುವುದಿಲ್ಲ. ಈಚಿನ ವರ್ಷಗಳಲ್ಲಿ ಈ ಪದ ತನ್ನ ದಿಕ್ಕನ್ನೂ ಬದಲಿಸಿಕೊಂಡಿದೆ. ಕಿಸಾನ್ ಸಮ್ಮಾನ್ ಯೋಜನೆಯ 6,000 ರೂಪಾಯಿ ಮೂರು ಕಂತುಗಳಲ್ಲಿ ರೈತರ ಖಾತೆಗೆ ಬರುವುದು, ‘ಗೃಹಲಕ್ಷ್ಮಿ ಕಂತು ಬಂತೇ’ ಎಂದು ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದು ವಾಡಿಕೆಯಾದ ಮೇಲೆ, ಕೈಯಿಂದ ಹೋಗುವ ಹಣಕ್ಕಿದ್ದ ಹೆಸರು ಕೈಗೆ ಬರುವ ಹಣಕ್ಕೂ ಸಂದಿದೆ.

ಇದೇ ಉಚ್ಚಾರದ ಬೇರೆ ಪದಗಳೂ ಕನ್ನಡದಲ್ಲಿವೆ. ಕರಾವಳಿಯಲ್ಲಿ ಸೂರ್ಯ ‘ಕಂತುತ್ತಾನೆ’, ಅಂದರೆ ಮುಳುಗುತ್ತಾನೆ. ಸಂಸ್ಕೃತದಿಂದ ಬಂದ ‘ಕಂತು’ ಮನ್ಮಥನ ಹೆಸರು, ವಿಷ್ಣುವನ್ನು ‘ಕಂತುಪಿತ’ ಎಂದು ಕರೆಯುವುದು ಈ ಅರ್ಥದಿಂದಲೇ. ಬಯಕೆಯ ದೇವರಿಗೂ ಮುಳುಗುವ ಕ್ರಿಯೆಗೂ ತಿಂಗಳ ಪಾವತಿಗೂ ಒಂದೇ ಉಚ್ಚಾರ ಒದಗಿರುವುದನ್ನು ನೋಡಿ ಸಾಲಗಾರ ಓದುಗನಿಗೆ ನಗು ಬಂದರೆ ತಪ್ಪೇನಿಲ್ಲ, ಆದರೆ ಅದರಿಂದ ವ್ಯುತ್ಪತ್ತಿಯನ್ನು ಕಟ್ಟಹೊರಡಬಾರದು.

ಪುಣೆಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಈ ಪದಕ್ಕೆ ಒಬ್ಬ ಪ್ರತಿಸ್ಪರ್ಧಿಯಿದ್ದಾನೆ. ಮರಾಠಿಯಲ್ಲಿ ಕಂತಿಗೆ ‘ಹಪ್ತಾ’ ಎನ್ನುತ್ತಾರೆ. ಏಳು ಎಂಬ ಅರ್ಥದ ಫಾರಸಿ ‘ಹಫ್ತ್’ನಿಂದ ವಾರ ಎಂಬ ಅರ್ಥದ ‘ಹಫ್ತಾ’ ಹುಟ್ಟಿ, ವಾರಕ್ಕೊಮ್ಮೆ ಕೊಡುವ ಹಣವೂ ಕ್ರಮೇಣ ಅದೇ ಹೆಸರನ್ನು ಪಡೆಯಿತು. ಈ ಪದ ಕನ್ನಡಕ್ಕೂ ಬಂದಿದೆಯಾದರೂ ಬೆಂಗಳೂರಿನ ಪತ್ರಿಕೆಗಳಲ್ಲಿ ‘ಹಫ್ತಾ ವಸೂಲಿ’ ಎಂದರೆ ರೌಡಿಗಳು ಅಂಗಡಿಯವರಿಂದ ಕಸಿಯುವ ಮಾಮೂಲು. ಆದ್ದರಿಂದ ಹಿಂಜವಡಿಯ ಸಾಫ್ಟ್‌ವೇರ್ ಕಚೇರಿಗೆ ಬೆಂಗಳೂರು ಕಡೆಯಿಂದ ಹೊಸದಾಗಿ ಬಂದವರಿಗೆ, ಬ್ಯಾಂಕಿನವರೇ ಗೃಹಸಾಲದ ಹಪ್ತಾ ಎಂದು ಹೇಳಿದಾಗ ಕ್ಷಣಕಾಲ ಕಿವಿ ನೆಟ್ಟಗಾಗುವುದು ಸಹಜ.

ಕ್ರಿಯಾಪದಗಳಲ್ಲಿರುವ ವ್ಯತ್ಯಾಸ ಇನ್ನೂ ಸ್ವಾರಸ್ಯಕರ. ಹಳೆಯ ಮೈಸೂರಿನ ಕನ್ನಡದಲ್ಲಿ ಕಂತನ್ನು ‘ಕಟ್ಟುತ್ತಾರೆ’. ಮರಾಠಿಯಲ್ಲಿ ‘ಭರಣೆ’, ಅಂದರೆ ತುಂಬುವುದು. ಮರಾಠಿಯ ನೆರೆಯಲ್ಲಿ ಬೆಳೆದ ಧಾರವಾಡ, ವಿಜಯಪುರ ಕಡೆಯ ಕನ್ನಡದಲ್ಲೂ ರೊಕ್ಕವನ್ನು ಬ್ಯಾಂಕಿಗೆ ‘ತುಂಬುತ್ತಾರೆ’. ಹೆಂಡತಿ ಮಂಡ್ಯದವಳಾಗಿ ಗಂಡ ವಿಜಯಪುರದವನಾದ ಮನೆಯಲ್ಲಿ ‘ರೀ, ಈ ತಿಂಗಳ ಕಂತು ಕಟ್ಟಿದ್ರಾ’ ಎಂಬ ಪ್ರಶ್ನೆಗೆ ‘ಹಪ್ತಾ ತುಂಬೇನಿ’ ಎಂಬ ಉತ್ತರ ಬರುತ್ತದೆ. ಎರಡು ಕ್ರಿಯಾಪದಗಳಲ್ಲಿ ‘ಕಟ್ಟು’ ಎಂಬುದೇ ಹೆಚ್ಚು ಅರ್ಥಗರ್ಭಿತವೆನ್ನಬೇಕು, ಏಕೆಂದರೆ ಅದು ಮನೆಯನ್ನು ಕಟ್ಟುವುದಕ್ಕೂ ಆ ಮನೆಯ ಸಾಲವನ್ನು ಕಟ್ಟುವುದಕ್ಕೂ ಭೇದವೆಣಿಸುವುದಿಲ್ಲ. ಆದರೆ ಮಕ್ಕಳೆದುರಿಗೆ ಇಬ್ಬರೂ ಆಡುವ ಪದ ಇವೆರಡೂ ಅಲ್ಲ, ‘ಇಎಂಐ’. ಇದರ ಕನ್ನಡ ರೂಪವಾದ ‘ಸಮಾನ ಮಾಸಿಕ ಕಂತು’ ಸಾಲಪತ್ರದ ಅನುವಾದಗಳಲ್ಲಿ ಮಾತ್ರ ಉಳಿದಿದೆ.

ಪುಣೆ ಜಿಲ್ಲೆಗೂ ಸಾಲದ ಕಂತಿಗೂ ಇರುವ ನಂಟು ಹಿಂಜವಡಿಗಿಂತ ಬಹಳ ಹಳೆಯದು. 1875ರ ಮೇ 12ರಂದು ಈ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲದ ಪತ್ರಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಕಿತ್ತುಕೊಂಡು ಸುಟ್ಟರು. ಗಲಭೆ ಅಲ್ಲಿಂದ ಸುತ್ತಲಿನ ಹಳ್ಳಿಗಳಿಗೂ ಅಹಮದನಗರ ಜಿಲ್ಲೆಗೂ ಹಬ್ಬಿ, ಇತಿಹಾಸದಲ್ಲಿ ‘ದಖನ್ ದಂಗೆ’ ಎಂದು ಹೆಸರಾಯಿತು. ಗಲಭೆಕೋರರ ಕಣ್ಣಿದ್ದುದು ಮುಖ್ಯವಾಗಿ ಆ ಕಾಗದಗಳ ಮೇಲೆ ಎಂಬುದು ಗಮನಿಸತಕ್ಕ ಸಂಗತಿ. ಓದು ಬಾರದ ರೈತನಿಗೆ ತಾನು ಎಷ್ಟು ಅಸಲು ತಂದೆ, ಅದಕ್ಕೆ ಎಷ್ಟು ಬಡ್ಡಿ ಸೇರಿತು, ಕೊಟ್ಟ ಹಣ ಯಾವುದರಲ್ಲಿ ವಜಾ ಆಯಿತು ಎಂಬುದು ಗೊತ್ತಾಗುವಂತಿರಲಿಲ್ಲ. (‘ಅಸಲು’ ಅರಬ್ಬಿಯಿಂದ ಬಂದದ್ದು, ಮೂಲಧನ, ‘ಬಡ್ಡಿ’ ಸಂಸ್ಕೃತ ‘ವೃದ್ಧಿ’ಯ ತದ್ಭವ, ಅಂದರೆ ಬೆಳೆದದ್ದು.) ಸರ್ಕಾರ ಆಯೋಗವೊಂದನ್ನು ನೇಮಿಸಿ ವಿಚಾರಣೆ ನಡೆಸಿತು, 1879ರಲ್ಲಿ ದಖನ್ ಕೃಷಿಕರ ಪರಿಹಾರ ಕಾಯ್ದೆ ಜಾರಿಗೆ ಬಂತು. ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ ಮೊದಲು ಅನ್ವಯಿಸಿದ ಈ ಕಾಯ್ದೆ ರೈತನನ್ನು ಸಾಲಕ್ಕಾಗಿ ಸೆರೆಗೆ ಹಾಕುವುದನ್ನು ನಿಲ್ಲಿಸಿತು, ಪತ್ರದ ಹಿಂದಿನ ಲೆಕ್ಕವನ್ನು ಮೊದಲಿನಿಂದ ಕೆದಕುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು, ಸಾಹುಕಾರ ರಸೀದಿ ಕೊಡಬೇಕು, ವರ್ಷದ ಲೆಕ್ಕ ತೋರಿಸಬೇಕು ಎಂದು ವಿಧಿಸಿತು, ತೀರ್ಪಾದ ಹಣವನ್ನು ಕಂತುಗಳಲ್ಲಿ ಸಲ್ಲಿಸಲು ಅವಕಾಶ ಮಾಡಿತು. ಕಂತು ಈ ಸೀಮೆಯ ಕಾನೂನಿಗೆ ಬಂದದ್ದು ಸಾಲಗಾರನಿಗೆ ತೋರಿಸಿದ ದಯೆಯಾಗಿ. ಇಂದು ಅದು ಮೊದಲ ದಿನವೇ ಸಹಿ ಹಾಕಿಸಿಕೊಳ್ಳುವ ಷರತ್ತು.

ಆ ಷರತ್ತಿನ ಒಳಗನ್ನು ನೋಡಲು ಒಂದು ಲೆಕ್ಕ ಸಾಕು. ಪುಣೆಯ ಸುತ್ತ ವಾಕಡ, ರಾವೇತ, ಮೋಶಿ ಎಂದು ಹುಡುಕಾಡಿದ ದಂಪತಿಗೆ 62.5 ಲಕ್ಷ ರೂಪಾಯಿಯ ಸಿದ್ಧ ಫ್ಲಾಟ್ ಒಪ್ಪಿಗೆಯಾಯಿತೆನ್ನೋಣ. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಮನೆಯ ಬೆಲೆಯ ಶೇ. 80 ಮೀರಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮವಾದ್ದರಿಂದ ಸಾಲ ಹೆಚ್ಚೆಂದರೆ 50 ಲಕ್ಷ, ಉಳಿದ 12.5 ಲಕ್ಷ, ಅದರ ಮೇಲೆ ಪುಣೆಯಲ್ಲಿ ಶೇ. 7ರ ಮುದ್ರಾಂಕ ಶುಲ್ಕ, 30,000 ರೂಪಾಯಿ ನೋಂದಣಿ ಶುಲ್ಕ ಸೇರಿ 17 ಲಕ್ಷಕ್ಕೂ ಹೆಚ್ಚು ಹಣವನ್ನು ಮನೆಯವರೇ ಹೊಂದಿಸಬೇಕು. ಮನೆಯನ್ನು ಹೆಂಗಸಿನ ಹೆಸರಿಗಷ್ಟೇ ಮಾಡಿಸಿದರೆ ಶುಲ್ಕದಲ್ಲಿ ಶೇ. 1 ಉಳಿಯುವುದುಂಟು. ಈ 17 ಲಕ್ಷವೇ ಊರಿನ ಅಣ್ಣನ ಕೈಗಡವಾಗಿ (ಪತ್ರವಿಲ್ಲದೆ, ನಂಬಿಕೆಯ ಮೇಲೆ ಪಡೆದ ಸಾಲವಾಗಿ), ಒತ್ತೆಯಿಟ್ಟ ಬಳೆಗಳಾಗಿ, ಎತ್ತಿದ ಚೀಟಿಯಾಗಿ, ವೈಯಕ್ತಿಕ ಸಾಲವಾಗಿ ಚೆದುರಿಕೊಳ್ಳುತ್ತದೆ. ಮನೆ ತೆಗೆದುಕೊಂಡ ಮೊದಲ ವರ್ಷಗಳಲ್ಲಿ ಸಂಸಾರವನ್ನು ಹಣ್ಣು ಮಾಡುವುದು ಬ್ಯಾಂಕಿನ ದೊಡ್ಡ ಸಾಲಕ್ಕಿಂತ ಹೆಚ್ಚಾಗಿ ಈ ಚಿಲ್ಲರೆ ಸಾಲಗಳೇ.

ಇನ್ನು ಆ 50 ಲಕ್ಷ. ಶೇ. 8.5ರ ಬಡ್ಡಿಯಲ್ಲಿ ಇಪ್ಪತ್ತು ವರ್ಷಕ್ಕೆ ತಿಂಗಳ ಕಂತು ಸುಮಾರು 43,391 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 35,417 ರೂಪಾಯಿ ಬಡ್ಡಿಗೆ ಹೋಗಿ, ಅಸಲಿಗೆ ಸಲ್ಲುವುದು ಎಂಟು ಸಾವಿರಕ್ಕೂ ಕಡಿಮೆ. ಬಡ್ಡಿ ಬಾಕಿಯ ಮೇಲೆ ಬೀಳುವುದರಿಂದ ಬಾಕಿ ಕರಗಿದಂತೆ ಬಡ್ಡಿಯ ಪಾಲು ಇಳಿದು ಅಸಲಿನ ಪಾಲು ಏರುತ್ತದೆ ನಿಜ, ಆದರೆ ಈ ಏರಿಕೆ ಎಷ್ಟು ನಿಧಾನವೆಂದರೆ ಕಂತಿನ ಅರ್ಧಭಾಗ ಅಸಲಿಗೆ ಸಲ್ಲತೊಡಗುವ ವೇಳೆಗೆ ಹನ್ನೆರಡು ವರ್ಷ ತುಂಬುತ್ತ ಬಂದಿರುತ್ತದೆ. ಹತ್ತು ವರ್ಷ ತಪ್ಪದೆ ಕಟ್ಟಿದವರು ಅರ್ಧ ಸಾಲ ತೀರಿತೆಂದುಕೊಂಡರೆ, ಲೆಕ್ಕದ ಪುಸ್ತಕ ಇನ್ನೂ 35 ಲಕ್ಷ ಬಾಕಿ ತೋರಿಸುತ್ತದೆ. ಇದರಲ್ಲಿ ಮೋಸವಿಲ್ಲ, ಬರೀ ಗಣಿತವಿದೆ. ಮೋಸವೇನಾದರೂ ಇದ್ದರೆ ಅದು ‘ಸಮಾನ’ ಎಂಬ ವಿಶೇಷಣದಲ್ಲಿ: ಮೊತ್ತ ಸಮಾನ, ಒಳಗಿನ ಪಾಲು ಯಾವ ಎರಡು ತಿಂಗಳಲ್ಲೂ ಸಮಾನವಲ್ಲ.

ಬಡ್ಡಿದರ ಏರಿದಾಗ ಕಂತು ಇನ್ನೊಂದು ಬಗೆಯಲ್ಲಿ ಮೌನ ವಹಿಸುತ್ತದೆ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸದಾಗಿ ಕೊಡುವ ಬದಲಾಗುವ ದರದ ಗೃಹಸಾಲಗಳು ರೆಪೊದಂಥ ಹೊರಗಿನ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರದಂಥದಕ್ಕೆ, ಜೋಡಿಸಲ್ಪಟ್ಟಿವೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ ಶೇ. 4ರಿಂದ 6.5ಕ್ಕೆ ಏರಿದಾಗ ಎಷ್ಟೋ ಮನೆಗಳಲ್ಲಿ ಕಂತಿನ ಮೊತ್ತ ಹಾಗೆಯೇ ಇತ್ತು, ಬೆಳೆದದ್ದು ಕಂತುಗಳ ಸಂಖ್ಯೆ. ಮೊತ್ತ ಬದಲಾಗಲಿಲ್ಲವಾದ್ದರಿಂದ ಯಾರೂ ಗಾಬರಿಯಾಗಲಿಲ್ಲ, ಸಾಲ ಮಾತ್ರ ನಿವೃತ್ತಿಯ ವಯಸ್ಸಿನತ್ತ ಚಾಚಿಕೊಂಡಿತು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ ಇದನ್ನು ಸರಿಪಡಿಸಹೊರಟಿತು: ದರ ಬದಲಾದಾಗ ಕಂತನ್ನು ಹೆಚ್ಚಿಸಬೇಕೋ ಅವಧಿಯನ್ನು ಹೆಚ್ಚಿಸಬೇಕೋ ಎಂಬ ಆಯ್ಕೆ ಸಾಲಗಾರನಿಗೆ ಸಿಗಬೇಕು, ಮೂರು ತಿಂಗಳಿಗೊಮ್ಮೆ ಈವರೆಗೆ ವಸೂಲಾದ ಅಸಲೆಷ್ಟು, ಬಡ್ಡಿಯೆಷ್ಟು, ಉಳಿದ ಕಂತುಗಳೆಷ್ಟು ಎಂಬ ಪಟ್ಟಿ ಅವನಿಗೆ ತಲುಪಬೇಕು. 1879ರ ಕಾಯ್ದೆ ಸುಪೆಯ ಸಾಹುಕಾರನಿಂದ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ಸಣ್ಣ ಕಂತುಗಳ ಕಥೆ ಬೇರೆ. 1987ರಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳ ಸಾಲಕ್ಕೆಂದು ಹುಟ್ಟಿ ಮುಂದೆ ಫ್ರಿಜ್, ಟಿ.ವಿ., ಮೊಬೈಲುಗಳನ್ನು ಕಂತಿನ ಮೇಲೆ ಮನೆಮನೆಗೆ ತಲುಪಿಸಿದ ಬಜಾಜ್ ಫೈನಾನ್ಸ್ ಪುಣೆಯದೇ ಸಂಸ್ಥೆ. ‘ಸೊನ್ನೆ ಬಡ್ಡಿ’ ಎಂಬ ಕಲ್ಪನೆಯೇ ಇಲ್ಲ, ಬಡ್ಡಿ ಬೇರೆ ಶುಲ್ಕದ ರೂಪದಲ್ಲಿ ಅಡಗಿರುತ್ತದೆ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಎಚ್ಚರಿಸಿತ್ತು. ಅಂಗಡಿಯ ಫಲಕಗಳು ಅದನ್ನು ಕೇಳಿಸಿಕೊಂಡಂತಿಲ್ಲ.

ದೊಡ್ಡ ಸಾಲದ ವಿಷಯದಲ್ಲಿ ಎಳೆಯ ಸಂಸಾರಗಳ ಕೈಯಲ್ಲಿ ಒಂದು ಉಪಾಯವಿದೆ, ಅದನ್ನು ಬಳಸುವವರು ಕಡಿಮೆ. ಬದಲಾಗುವ ದರದ ಗೃಹಸಾಲವನ್ನು ಅವಧಿಗೆ ಮೊದಲೇ ತೀರಿಸುವ ವ್ಯಕ್ತಿಗಳಿಂದ ಬ್ಯಾಂಕುಗಳು ದಂಡ ವಸೂಲಿ ಮಾಡುವುದನ್ನು ರಿಸರ್ವ್ ಬ್ಯಾಂಕು 2012ರಲ್ಲಿ ನಿಲ್ಲಿಸಿದೆ. ದೀಪಾವಳಿ ಬೋನಸ್ಸಿನಿಂದಲೋ ಉಳಿತಾಯದಿಂದಲೋ ವರ್ಷಕ್ಕೆ ಒಂದೇ ಒಂದು ಕಂತನ್ನು ಹೆಚ್ಚಾಗಿ ಕಟ್ಟಿದರೆ, ಅದು ಪೂರ್ತಿಯಾಗಿ ಅಸಲಿಗೇ ಸಲ್ಲುವುದರಿಂದ, ಮೇಲಿನ ಲೆಕ್ಕದ ಇಪ್ಪತ್ತು ವರ್ಷಗಳಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಡಿತವಾಗುತ್ತದೆ. ಕೈಗಡ, ಕ್ರೆಡಿಟ್ ಕಾರ್ಡುಗಳ ಬಾಕಿ ಮೊದಲು ಹರಿಯಬೇಕು, ಅನಂತರ ಈ ಹೆಚ್ಚಿನ ಕಂತು. ಅದನ್ನು ಸಾಲದ ಮೊದಲ ಹತ್ತು ವರ್ಷದೊಳಗೆ ಕಟ್ಟಿದರೇ ಲಾಭ ಹೆಚ್ಚು.

ಕೊನೆಯ ಕಂತಿಗೆ ಸಂಬಂಧಿಸಿದ ಒಂದು ನಿಯಮವನ್ನೂ ತಿಳಿದಿರಬೇಕು. 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ಆದೇಶದಂತೆ, ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಮನೆಯ ಮೂಲ ಕಾಗದಪತ್ರಗಳು ಸಾಲಗಾರನ ಕೈ ಸೇರಬೇಕು. ತಪ್ಪು ಸಾಲ ಕೊಟ್ಟವರದಾದರೆ ತಡವಾದ ಪ್ರತಿ ದಿನಕ್ಕೂ ಅವರು 5,000 ರೂಪಾಯಿ ಪರಿಹಾರ ಕಟ್ಟಿಕೊಡಬೇಕು.