ನಾಲ್ಕು, ಒಂದು, ಹತ್ತು: ಬಾಬ್ ರೋಸ್ ಕಂಡ ಮೂರು ಸೋಲುಗಳು

2018ರ ಸೆಪ್ಟೆಂಬರ್ ಕೊನೆಯ ಶನಿವಾರ ಕಾಲಿಂಗ್‌ವುಡ್ ತಂಡವು ವೆಸ್ಟ್ ಕೋಸ್ಟ್ ಈಗಲ್ಸ್ ಎದುರು ಗ್ರ್ಯಾಂಡ್ ಫೈನಲ್ ಪಂದ್ಯವನ್ನು 5 ಅಂಕಗಳಿಂದ ಸೋತಿತು. ಮೊದಲ ಐದು ಗೋಲುಗಳನ್ನು ತಾನೇ ಹೊಡೆದಿದ್ದ ತಂಡ. ಕೊನೆಯ ಎರಡು ನಿಮಿಷಗಳಷ್ಟು ಆಟ ಉಳಿದಿರುವಾಗ ಡಾಮ್ ಶೀಡ್ ಎಂಬಾತ ಮೈದಾನದ ಅಂಚಿನಿಂದ, ಕಂಬಗಳು ಕಣ್ಣಿಗೆ ಸರಿಯಾಗಿ ಕಾಣದಂತಹ ಕೋನದಿಂದ, ಗೋಲು ಹೊಡೆದು 79–74ಕ್ಕೆ ತಂದು ನಿಲ್ಲಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸೋಮವಾರ ಬೆಳಗ್ಗೆ ನಾವು ಕೆಲಸಕ್ಕೆ ಹೋದಾಗ ಚಹಾದ ಕೋಣೆಯಲ್ಲಿ ನಡೆಯುತ್ತಿದ್ದುದು ಒಂದು ಬಗೆಯ ಮರಣೋತ್ತರ ಪರೀಕ್ಷೆ. ವರ್ಷದ ಆರಂಭದಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡಿದ್ದ ಟೈಸನ್ ಗೋಲ್ಡ್‌ಸ್ಯಾಕ್‌ನನ್ನು ಅಷ್ಟು ಬೇಗ ಆಡಿಸಬೇಕಾಗಿತ್ತೇ? ಶೀಡ್‌ಗೆ ಚೆಂಡು ಸಿಗುವ ಮುನ್ನ ಬ್ರೇಡನ್ ಮೇನಾರ್ಡ್‌ನನ್ನು ಅಡ್ಡಗಟ್ಟಿದ್ದು ತಪ್ಪೆಂದು ಅಂಪೈರ್ ಏಕೆ ಸೀಟಿ ಊದಲಿಲ್ಲ? ಎದುರಾಳಿಗಳಿಗೂ ಕೊರತೆಗಳಿದ್ದವು, ಆಂಡ್ರ್ಯೂ ಗ್ಯಾಫ್ ಅಮಾನತಿನಲ್ಲಿದ್ದ, ನಿಕ್ ನೈಟನುಯಿ ಗಾಯಗೊಂಡು ಹೊರಗಿದ್ದ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಮೂಲೆಯಲ್ಲಿ ಕುಳಿತಿದ್ದ, ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಮಾತ್ರ ಎಲ್ಲವನ್ನೂ ಕೇಳಿ, ಇದು ಸೋಲೇ ಅಲ್ಲ, ನೀವು 66 ಮತ್ತು 70ನ್ನು ನೋಡಿಲ್ಲ ಎಂದು ಹೇಳಿ ಎದ್ದು ಹೋದರು. ಆ ಎರಡು ಸಂಖ್ಯೆಗಳ ಬೆನ್ನು ಹತ್ತಿ ಹೋದ ನಮಗೆ ಸಿಕ್ಕಿದ್ದು ಬಾಬ್ ರೋಸ್ ಎಂಬ ಮನುಷ್ಯನ ಕಥೆ. ನಮ್ಮ ಮಕ್ಕಳೆಲ್ಲ ಆಸ್‌ಕಿಕ್ ಅಂಗಿ ತೊಟ್ಟು ಶನಿವಾರ ಬೆಳಗ್ಗೆ ಮೈದಾನಕ್ಕೆ ಓಡುತ್ತಿರುವ ಈ ದಿನಗಳಲ್ಲಿ ಅದನ್ನು ಸದಸ್ಯ ಕುಟುಂಬಗಳ ಮುಂದಿಡಬೇಕೆನಿಸಿತು.

ಈ ಆಟಕ್ಕೆ ಹೊಸಬರಾದವರಿಗೆ ಎರಡು ಮಾತು. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ. ಅದರ ಪಕ್ಕದ ಗಿಡ್ಡ ಕಂಬದವರೆಗಿನ ಅಂತರದಲ್ಲಿ ಹೋದರೆ ಬಿಹೈಂಡ್, 1 ಅಂಕ. ಮೈದಾನದಲ್ಲಿ ಒಂದು ತಂಡಕ್ಕೆ 18 ಮಂದಿ. ಈಗ ಬೆಂಚಿನಲ್ಲಿ ಕುಳಿತವರು ಸರದಿಯಂತೆ ಒಳಗೆ ಹೊರಗೆ ಓಡಾಡುತ್ತಾರೆ. ಆದರೆ ಆ ಸೌಕರ್ಯ ವಿಕ್ಟೋರಿಯಾದ ಲೀಗಿಗೆ ಬಂದದ್ದು 1978ರಲ್ಲಿ. ಅದಕ್ಕೆ ಮುಂಚೆ ಇದ್ದವರು ಹತ್ತೊಂಬತ್ತನೆಯವ ಮತ್ತು ಇಪ್ಪತ್ತನೆಯವ ಎಂಬ ಇಬ್ಬರು ಮೀಸಲು ಆಟಗಾರರು ಮಾತ್ರ. ಒಮ್ಮೆ ಹೊರಗೆ ಕರೆಸಿಕೊಂಡವನು ಮತ್ತೆ ಒಳಗೆ ಹೋಗುವಂತಿರಲಿಲ್ಲ. ಹೀಗಾಗಿ ತರಬೇತುದಾರನ ಒಂದೊಂದು ಬದಲಾವಣೆಯೂ ಹಿಂದೆಗೆದುಕೊಳ್ಳಲಾಗದ ತೀರ್ಪು. ಮುಂದಿನ ಕಥೆಗೆ ಇದು ಮುಖ್ಯ.

ಬಾಬ್ ರೋಸ್ ಹುಟ್ಟಿದ್ದು 1928ರಲ್ಲಿ, ವಿಕ್ಟೋರಿಯಾದ ವಾಯವ್ಯ ದಿಕ್ಕಿನ ನೈಯಾ ವೆಸ್ಟ್ ಎಂಬ ಸಣ್ಣ ಊರಿನಲ್ಲಿ. ಎಳೆಯ ವಯಸ್ಸಿನಲ್ಲಿ ಮುಷ್ಟಿಯುದ್ಧದ ಪಟು. ಕಾಲಿಂಗ್‌ವುಡ್ ಪರ ಆಡಿದ ನಾಲ್ವರು ಸೋದರರಲ್ಲಿ ಅತ್ಯಂತ ಪ್ರಸಿದ್ಧ. ಕ್ಲಬ್ಬಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಕೋಪ್‌ಲ್ಯಾಂಡ್ ಟ್ರೋಫಿಯನ್ನು ನಾಲ್ಕು ಬಾರಿ ಪಡೆದು, 1953ರ ವಿಜೇತ ತಂಡದಲ್ಲಿ ಆಡಿದ ಇವರು 1964ರಲ್ಲಿ ಅದೇ ಕ್ಲಬ್ಬಿಗೆ ತರಬೇತುದಾರರಾಗಿ ಬಂದರು. ಮೊದಲ ವರ್ಷದಲ್ಲಿಯೇ ತಂಡ ಗ್ರ್ಯಾಂಡ್ ಫೈನಲ್ ತಲುಪಿತು.

ಎದುರಾಳಿ ಮೆಲ್ಬರ್ನ್. ಕಾಲಿಂಗ್‌ವುಡ್ ನಾಯಕ ರೇ ಗ್ಯಾಬೆಲಿಚ್ ಭಾರೀ ಆಳು, ಓಟಗಾರನಲ್ಲ. ಕೊನೆಯ ಕಾಲುಭಾಗದಲ್ಲಿ ಆತ ಚೆಂಡನ್ನು ನೆಲಕ್ಕೆ ಪುಟಿಸುತ್ತ, ಅದು ಕೈತಪ್ಪಿ ಹೋಗುತ್ತದೆಯೋ ಎಂದು ಎಲ್ಲರೂ ಉಸಿರು ಹಿಡಿದಿರುವಾಗ, ಖಾಲಿ ಮೈದಾನದಲ್ಲಿ ಒಬ್ಬನೇ ಓಡಿ ಗೋಲು ಹೊಡೆದು ತಂಡವನ್ನು ಮುಂದಕ್ಕೆ ತಂದ. ಅಲ್ಲಿಗೆ ಮುಗಿಯಿತೆಂದುಕೊಂಡರು. ಆಗ ಮೆಲ್ಬರ್ನಿನ ನೀಲ್ ಕ್ರಾಂಪ್ಟನ್, ತನ್ನ ಗೋಲಿನ ಬಳಿ ಕಾವಲು ನಿಲ್ಲಬೇಕಾದ ರಕ್ಷಕ, ತಾನು ಕಾಯಬೇಕಾದ ಎದುರಾಳಿಯ ಬೆನ್ನು ಹಿಡಿದು ಮೈದಾನದ ಇನ್ನೊಂದು ತುದಿಗೆ ಬಂದಿದ್ದವನು, ಎದುರಿಗೆ ಬಂದು ಬಿದ್ದ ಚೆಂಡನ್ನು ಒದ್ದು ಗೋಲು ಮಾಡಿದ. 64–60. ನಾಲ್ಕು ಅಂಕ.

ಎರಡು ವರ್ಷದ ಬಳಿಕ, 1966ರ ಸೆಪ್ಟೆಂಬರ್ 24ರಂದು, ಸೇಂಟ್ ಕಿಲ್ಡಾ ಎದುರಾಯಿತು. ಆ ತಂಡದ ಬಲಶಾಲಿ ಕಾರ್ಲ್ ಡಿಟೆರಿಚ್ ಅಮಾನತುಗೊಂಡಿದ್ದ. ಅವನಿಲ್ಲದೆ ಸೇಂಟ್ ಕಿಲ್ಡಾ ಸೋತಿದ್ದರೆ ಆ ಊರಿನವರು ಇಂದಿಗೂ ಅದನ್ನೇ ಹೇಳಿಕೊಂಡು ಅಳುತ್ತಿದ್ದರು. ಗೆದ್ದದ್ದರಿಂದ ಆ ವಿಷಯ ಯಾರ ನಾಲಗೆಯ ಮೇಲೂ ಇಲ್ಲ. ಆಯ್ಕೆಯ ಚರ್ಚೆಯೆಂಬುದು ಸೋತವರ ಮನೆಯಲ್ಲಷ್ಟೇ ನಡೆಯುವ ಶ್ರಾದ್ಧ. ಕೊನೆಯ ನಿಮಿಷದಲ್ಲಿ ಎರಡೂ ತಂಡಗಳು 73ರಲ್ಲಿ ಸಮ. ಬ್ಯಾರಿ ಬ್ರೀನ್ ಎಂಬ 18ರ ಹುಡುಗ ಗುಂಪಿನ ನಡುವಿನಿಂದ ಚೆಂಡನ್ನು ಹೇಗೋ ಒದ್ದ. ಅದು ತೂರಾಡುತ್ತ, ಉರುಳುತ್ತ ಗೋಲಿನ ಪಕ್ಕದಲ್ಲಿ ದಾಟಿತು. ಒಂದು ಬಿಹೈಂಡ್. ಕಾಲಿಂಗ್‌ವುಡ್ ಮತ್ತೆ ಮುನ್ನುಗ್ಗಿತು, ಸೇಂಟ್ ಕಿಲ್ಡಾದ ಬಾಬ್ ಮರ್ರೆ ಚೆಂಡನ್ನು ಹಿಡಿದ, ಸೈರನ್ ಕೂಗಿತು. 74–73. ಸೇಂಟ್ ಕಿಲ್ಡಾಕ್ಕೆ ಇಂದಿನವರೆಗೂ ಸಿಕ್ಕಿರುವ ಏಕೈಕ ಪ್ರಶಸ್ತಿ ಅದು.

ಮೈಸೂರಿನವರಾದ ನಮಗೆ ಇದನ್ನು ಓದುವಾಗ 2010ರ ಜನವರಿಯ ಗಂಗೋತ್ರಿ ಗ್ಲೇಡ್ಸ್ ನೆನಪಾಗದಿರಲಿಲ್ಲ. ರಣಜಿ ಫೈನಲ್‌ನಲ್ಲಿ ಮುಂಬಯಿ ಎದುರು 338ರ ಗುರಿ, ಮನೀಷ್ ಪಾಂಡೆಯ 144, ಕೊನೆಗೆ 6 ರನ್ನುಗಳ ಸೋಲು. ಆ ಸಂಜೆ ಇಡೀ ಮೈಸೂರು ಆಯ್ಕೆ ಸಮಿತಿಯಾಗಿತ್ತು.

ಇನ್ನು 1970. ಇದು ಬೇರೆಯದೇ ಗಾಯ. ಆ ವರ್ಷ ಕಾಲಿಂಗ್‌ವುಡ್ ಎಲ್ಲರಿಗಿಂತ ಬಲಿಷ್ಠ; ಎರಡನೆಯ ಸೆಮಿಫೈನಲ್‌ನಲ್ಲಿ ಕಾರ್ಲ್‌ಟನ್ ತಂಡವನ್ನು ಸೋಲಿಸಿಯೇ ಬಂದಿತ್ತು. ಎಂ.ಸಿ.ಜಿ.ಯಲ್ಲಿ ಸೇರಿದ ಜನ 1,21,696. ಇಂದಿಗೂ ಮುರಿಯದ ದಾಖಲೆ. ಅರ್ಧ ಆಟ ಮುಗಿದಾಗ ಕಾಲಿಂಗ್‌ವುಡ್ 44 ಅಂಕಗಳಷ್ಟು ಮುಂದೆ. ಅಲ್ಲಿಗೆ ಕಾರ್ಲ್‌ಟನ್ ಬೆಂಬಲಿಗರಿಗೆ ಉಳಿದಿದ್ದುದು ಅಲೆಕ್ಸ್ ಜೆಸೌಲೆಂಕೊ ಎದುರಾಳಿಯ ಹೆಗಲೇರಿ ಹಿಡಿದ ಆ ಒಂದು ಅದ್ಭುತ ಕ್ಯಾಚ್ ಮಾತ್ರ.

ವಿರಾಮದಲ್ಲಿ ಕಾರ್ಲ್‌ಟನ್ ತರಬೇತುದಾರ ರಾನ್ ಬರಾಸಿ ಎರಡು ಕೆಲಸ ಮಾಡಿದರು. ಒಂದು, ಚೆಂಡನ್ನು ಹಿಡಿದು ನಿಲ್ಲಬೇಡಿ, ಕೈಯಿಂದ ಗುದ್ದಿ ಜೊತೆಗಾರನಿಗೆ ಕೊಡುತ್ತ ಓಡುತ್ತಲೇ ಇರಿ ಎಂಬ ಆದೇಶ. ಎರಡು, ಬರ್ಟ್ ಥಾರ್ನ್ಲಿಯನ್ನು ಹೊರಗೆ ಕೂರಿಸಿ, ಬೆಂಚಿನಲ್ಲಿದ್ದ ಟೆಡ್ ಹಾಪ್ಕಿನ್ಸ್ ಎಂಬ ಪುಟ್ಟ ಆಳನ್ನು ಕಳುಹಿಸಿದ್ದು. ಹಿಂದೆಗೆದುಕೊಳ್ಳಲಾಗದ ತೀರ್ಪು ಎಂದೆವಲ್ಲ, ಅದು. ಹಾಪ್ಕಿನ್ಸ್ ನಾಲ್ಕು ಗೋಲು ಹೊಡೆದ. ಮೂರನೆಯ ಕಾಲುಭಾಗ ಮುಗಿಯುವಾಗ 44ರ ಅಂತರ 17ಕ್ಕೆ ಇಳಿದಿತ್ತು. ಆಟ ಮುಗಿದಾಗ ಕಾರ್ಲ್‌ಟನ್ 111, ಕಾಲಿಂಗ್‌ವುಡ್ 101. ಇದೇ ಹಾಪ್ಕಿನ್ಸ್ ಮುಂದೆ ಆಟದ ಅಂಕಿ ಅಂಶಗಳನ್ನು ಕಲೆಹಾಕುವ ಚಾಂಪಿಯನ್ ಡೇಟಾ ಸಂಸ್ಥೆಯ ಸ್ಥಾಪಕರಲ್ಲೊಬ್ಬನಾದ ಎಂಬುದು ಸೊಗಸಾದ ತಿರುವು. ಇಂದು ಆಯ್ಕೆಯ ಜಗಳದಲ್ಲಿ ಎರಡೂ ಕಡೆಯವರು ಬಾಣಗಳಂತೆ ಬಿಡುವ ಸಂಖ್ಯೆಗಳ ಬತ್ತಳಿಕೆಯನ್ನು ಕಟ್ಟಿದವರಲ್ಲಿ ಬೆಂಚಿನಿಂದ ಎದ್ದುಬಂದ ಆ ಆಟಗಾರನೂ ಒಬ್ಬ.

ಸೋಲಿಗೆ ಕಾರಣವೇನು? ಬರಾಸಿಯ ಚಾತುರ್ಯ ಎಂದರು ಕಾರ್ಲ್‌ಟನ್ ಕಡೆಯವರು. ರೋಸ್ ಸಮಯಕ್ಕೆ ಸರಿಯಾಗಿ ತಂಡವನ್ನು ಬದಲಿಸಲಿಲ್ಲ ಎಂದರು ಕಾಲಿಂಗ್‌ವುಡ್ ಕಡೆಯವರು. ಆದರೆ ವೈದ್ಯರಾದ ನಮ್ಮ ಕಣ್ಣು ನೆಟ್ಟದ್ದು ಇನ್ನೊಂದು ಸಂಗತಿಯ ಮೇಲೆ. ಆ ವರ್ಷ 143 ಗೋಲು ಹೊಡೆದಿದ್ದ ಪೀಟರ್ ಮೆಕೆನ್ನಾ ಆ ದಿನವೂ 6 ಗೋಲು ಹೊಡೆದ. ಎರಡನೆಯ ಕಾಲುಭಾಗದಲ್ಲಿ ಆತ ತನ್ನದೇ ತಂಡದ ಡೆಸ್ ಟಡನ್‌ಹ್ಯಾಮ್‌ಗೆ ಡಿಕ್ಕಿ ಹೊಡೆದು ಮಂಕಾದ. ಆದರೂ ಮೈದಾನದಲ್ಲಿಯೇ ಉಳಿದ. ಅಂದಿನ ರೂಢಿಯೇ ಹಾಗೆ: ನೀರು ಚಿಮುಕಿಸಿ, ಮೂಸುವ ಉಪ್ಪು ಹಿಡಿದು, ಎದ್ದು ನಿಂತರೆ ಆಡಬಲ್ಲ ಎಂದು ತಿಳಿಯುವುದು. ಹೊರಗೆ ಕರೆದರೆ ಮತ್ತೆ ಕಳುಹಿಸುವಂತಿಲ್ಲ. 143 ಗೋಲಿನವನನ್ನು 44 ಅಂಕಗಳ ಮುನ್ನಡೆಯಲ್ಲಿ ಶಾಶ್ವತವಾಗಿ ಹೊರಗೆ ಕೂರಿಸುವ ಧೈರ್ಯ ಯಾವ ತರಬೇತುದಾರನಿಗಿದ್ದೀತು? ಕ್ರೀಡೆಯ ನಿಯಮವೇ ಪೆಟ್ಟು ತಿಂದ ಮೆದುಳನ್ನು ಆಟದಲ್ಲಿ ಉಳಿಸುವಂತೆ ಒತ್ತಾಯಿಸುತ್ತಿತ್ತು. ರೋಸ್ ಅವರನ್ನು ಬೈಯುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ನಮ್ಮ ದೂರು.

ಇನ್ನೂ ಒಂದು ಮಾತು. 1953ರ ನಾಯಕ, ರೋಸ್ ಅವರ ಜೊತೆ ಆಡಿದವರೇ ಆದ ಲೂ ರಿಚರ್ಡ್ಸ್, ಕಾಲಿಂಗ್‌ವುಡ್‌ನ ಈ ಸೋಲುಗಳಿಗೆ ಕಾಲಿವಾಬಲ್ಸ್ ಎಂದು ಹೆಸರಿಟ್ಟರು. ಹೊಟ್ಟೆ ತೊಳಸುವ ಕಾಯಿಲೆಗೆ ಇಲ್ಲಿಯ ಆಡುಮಾತಿನ ಹೆಸರನ್ನು ತಿರುಚಿ ಮಾಡಿದ ಪದ. 1958ರ ಗೆಲುವಿನ ಬಳಿಕ 1990ರವರೆಗೆ ತಂಡಕ್ಕೆ ಪ್ರಶಸ್ತಿಯಿಲ್ಲ. ನಡುವೆ ಎಂಟು ಬಾರಿ ಗ್ರ್ಯಾಂಡ್ ಫೈನಲ್ ಸೋಲು. 1977ರಲ್ಲಂತೂ ಪಂದ್ಯ ಸಮನಾಗಿ, ಮುಂದಿನ ವಾರ ಮತ್ತೆ ಆಡಿ ಸೋತರು. ಆ ಎರಡಕ್ಕೂ ಫಿಲ್ ಕಾರ್ಮನ್ ಅಮಾನತಿನಿಂದಾಗಿ ಇರಲಿಲ್ಲ, ಇದ್ದಿದ್ದರೆ ಎಂಬ ನಿಟ್ಟುಸಿರು ಇಂದಿಗೂ ಕೇಳುತ್ತದೆ. ಹೆಸರು ಚುರುಕಾಗಿದೆ, ನಿಜ. ಆದರೆ ಅದು ರೋಗನಿರ್ಣಯವಲ್ಲ. ಅಂಜುಕುಳಿಗಳು ಎಂಟು ಬಾರಿ ಫೈನಲ್ ತಲುಪುವುದಿಲ್ಲ. ಉರುಳಿದ ಚೆಂಡೊಂದು ಗೇಣು ಅತ್ತ ಹೋಗಿದ್ದರೆ 1966ರ ತಂಡವನ್ನು ಗಟ್ಟಿ ಗುಂಡಿಗೆಯವರೆಂದು ಹಾಡಿ ಹೊಗಳುತ್ತಿದ್ದರು.

ಎಂಟು ವರ್ಷಗಳ ತರಬೇತಿಯ ಕೊನೆಗೆ ರೋಸ್ ಕಾಲಿಂಗ್‌ವುಡ್ ಬಿಟ್ಟು ಫುಟ್‌ಸ್ಕ್ರೇ ತಂಡಕ್ಕೆ ಹೋದರು. ಅವರ ಮಗ ರಾಬರ್ಟ್ ವಿಕ್ಟೋರಿಯಾ ಪರ ಕ್ರಿಕೆಟ್ ಆಡುತ್ತಿದ್ದ ಬ್ಯಾಟ್ಸ್‌ಮನ್, ಫುಟ್‌ಬಾಲ್‌ನಲ್ಲಿಯೂ ಪಳಗಿದವನು. 1974ರ ಫೆಬ್ರವರಿಯಲ್ಲಿ ಕಾರಿನ ಅಪಘಾತದಲ್ಲಿ ಆತನ ಬೆನ್ನುಹುರಿಗೆ ಪೆಟ್ಟಾಗಿ ಕೈಕಾಲುಗಳ ಸ್ವಾಧೀನ ಹೋಯಿತು. ಅಲ್ಲಿಂದ 1999ರಲ್ಲಿ ತೀರಿಕೊಳ್ಳುವವರೆಗೆ, ಇಪ್ಪತ್ತೈದು ವರ್ಷ, ಮನೆಯವರು ಆತನನ್ನು ನೋಡಿಕೊಂಡರು. ಸಹೋದರ ಪೀಟರ್ ರೋಸ್ ಬರೆದ ‘ರೋಸ್ ಬಾಯ್ಸ್’ ಎಂಬ ಪುಸ್ತಕದಲ್ಲಿ ಆ ವರ್ಷಗಳ ಕಥೆಯಿದೆ. ಬೆನ್ನುಹುರಿಯ ಗಾಯಾಳುಗಳನ್ನು ಹತ್ತಿರದಿಂದ ಕಂಡ ನಮಗೆ ಗೊತ್ತು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮ ಒಡೆಯದಂತೆ ಕಾಯುವುದು, ಮೂತ್ರದ ಸೋಂಕು ಬಾರದಂತೆ ನೋಡುವುದು. ಇದಕ್ಕೆ ಸೀಸನ್ ಎಂಬುದಿಲ್ಲ, ಸೈರನ್ನೂ ಇಲ್ಲ. ಅಂಥ ಮನುಷ್ಯ 1985ರಲ್ಲಿ ಕಾಲಿಂಗ್‌ವುಡ್‌ಗೆ ಮತ್ತೆ ತರಬೇತುದಾರರಾಗಿ ಮರಳಿದರು. 2003ರಲ್ಲಿ ನಿಧನರಾದರು. ಅವರ ತರಬೇತಿಯಲ್ಲಿ ತಂಡ ಒಮ್ಮೆಯೂ ಪ್ರಶಸ್ತಿ ಗೆಲ್ಲಲಿಲ್ಲ. ಆದರೂ ಕ್ಲಬ್ಬಿನ ಜನ ಅವರನ್ನು ಮಿಸ್ಟರ್ ಕಾಲಿಂಗ್‌ವುಡ್ ಎಂದೇ ಕರೆಯುತ್ತಾರೆ.

ಆಯ್ಕೆ ಎಂಬುದರ ಬಿಸಿ ನಮಗೂ ಒಮ್ಮೆ ತಟ್ಟಿದೆ. ನಮ್ಮ ಬಡಾವಣೆಯ ಮಕ್ಕಳ ತಂಡಕ್ಕೆ ನಾವು ಪ್ರಥಮ ಚಿಕಿತ್ಸೆಯ ಸ್ವಯಂಸೇವಕರು. ಕೆಲವು ವರ್ಷಗಳ ಹಿಂದೆ ಸೆಮಿಫೈನಲ್‌ನಲ್ಲಿ ಹುಡುಗನೊಬ್ಬನ ತಲೆ ಇನ್ನೊಬ್ಬನ ಮೊಣಕಾಲಿಗೆ ಬಡಿಯಿತು. ಕನ್ನಡದ ಮನೆಯ ಹುಡುಗನೇ. ತಂಡದ ಅತ್ಯುತ್ತಮ ಆಟಗಾರ. ಮಾರನೆಯ ದಿನ ತಲೆನೋವು, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುವುದು. ಗುರುವಾರದ ಹೊತ್ತಿಗೆ ಆತ ಲವಲವಿಕೆಯಿಂದಿದ್ದ, ಶನಿವಾರ ಫೈನಲ್. ಅಂಕಲ್, ನನಗೇನೂ ಆಗಿಲ್ಲ, ಪ್ಲೀಸ್ ಎಂದು ನಮ್ಮ ಮನೆಯ ಬಾಗಿಲಿಗೇ ಬಂದ. ಆಡುವಂತಿಲ್ಲ ಎಂದು ಬರೆದುಕೊಟ್ಟೆವು. ತಂಡ 3 ಅಂಕಗಳಿಂದ ಸೋತಿತು. ಒಬ್ಬ ಹುಡುಗನ ತಂದೆ ನಮ್ಮೊಡನೆ ಆ ಇಡೀ ಬೇಸಿಗೆ ಮಾತನಾಡಲಿಲ್ಲ. ಯುಗಾದಿಯ ಸಮಾರಂಭದಲ್ಲಿ ಎದುರು ಸಿಕ್ಕಾಗಲೂ ಮುಖ ತಿರುಗಿಸಿದರು. ಆ ಹುಡುಗನ ತಂದೆಯಲ್ಲ, ಇನ್ನೊಬ್ಬರು. ನಮ್ಮ ನಿರ್ಧಾರ ಸರಿಯಾಗಿತ್ತೆಂದು ಅಂದೂ ಗೊತ್ತಿತ್ತು, ಇಂದೂ ಗೊತ್ತು. ಆದರೂ ಆ ಮೂರು ಅಂಕಗಳನ್ನು ನಾವು ಎಷ್ಟು ರಾತ್ರಿ ಎಣಿಸಿದ್ದೇವೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಲಕ್ಷ ಜನರೆದುರು ರೋಸ್ ಎಣಿಸಿದ ಹತ್ತು ಅಂಕಗಳ ಭಾರ ನಮಗೆ ಸ್ವಲ್ಪವಾದರೂ ತಿಳಿದದ್ದು ಆಗಲೇ.

2023ರ ಗ್ರ್ಯಾಂಡ್ ಫೈನಲ್ ಅನ್ನು ಅನೇಕ ಸದಸ್ಯರು ನೋಡಿರುತ್ತೀರಿ. ಬ್ರಿಸ್ಬೇನ್ ಎದುರು ಕಾಲಿಂಗ್‌ವುಡ್ 90–86, ಅದೇ ನಾಲ್ಕು ಅಂಕ, ಈ ಬಾರಿ ಗೆಲುವಿನ ಕಡೆಗೆ. ಟೇಲರ್ ಆಡಮ್ಸ್ ಮತ್ತು ಡ್ಯಾನ್ ಮೆಕ್‌ಸ್ಟೇ ಗಾಯಗೊಂಡು ಹೊರಗಿದ್ದರು. ಬಿಲ್ಲಿ ಫ್ರಾಂಪ್ಟನ್‌ನನ್ನು ತೆಗೆದುಕೊಂಡದ್ದರ ಬಗ್ಗೆ ವಾರವಿಡೀ ವಾದ ನಡೆದಿತ್ತು. ಗೆದ್ದ ಮೇಲೆ ಆ ವಾದ ಎಲ್ಲಿಗೆ ಹೋಯಿತೋ ತಿಳಿಯದು. ಮೊದಲ ಕಾಲುಭಾಗದಲ್ಲಿಯೇ ರಕ್ಷಕ ನೇಥನ್ ಮರ್ಫಿಯ ತಲೆಗೆ ಪೆಟ್ಟು ಬಿದ್ದಿತು. ವೈದ್ಯರು ಪರೀಕ್ಷಿಸಿದರು, ಕನ್ಕಷನ್ ಎಂದರು, ಬದಲಿ ಆಟಗಾರ ಒಳಗೆ ಹೋದ. ಉಳಿದ ಆಟವನ್ನು ಮರ್ಫಿ ಬೆಂಚಿನಿಂದ ನೋಡಿದ. ಮರುವರ್ಷದ ಏಪ್ರಿಲ್‌ನಲ್ಲಿ, ವೈದ್ಯಕೀಯ ಮಂಡಳಿಯ ಸಲಹೆಯ ಮೇರೆಗೆ, 24ನೆಯ ವಯಸ್ಸಿನಲ್ಲಿ ಆಟವನ್ನೇ ಬಿಟ್ಟ. ಅವನ ಕೊನೆಯ ಪಂದ್ಯ ಅದೇ ಆಯಿತು, ಕೊರಳಲ್ಲಿ ಗೆಲುವಿನ ಪದಕ.

ಆ ಸೋಮವಾರ ಚಹಾದ ಕೋಣೆಯಲ್ಲಿ ನಮ್ಮ ಹಿರಿಯ ಸಹೋದ್ಯೋಗಿ ಇರಲಿಲ್ಲ, ನಿವೃತ್ತರಾಗಿದ್ದರು. ಅಭಿನಂದನೆ ಹೇಳಲು ದೂರವಾಣಿ ಮಾಡಿದೆವು. ಅವರು ಮೊದಲು ಕೇಳಿದ್ದು, ಹುಡುಗನ ತಲೆ ಹೇಗಿದೆಯಂತೆ ಎಂದು.