ಚಳಿಗಾಲದ ಗಾಳ ಮೀನುಗಾರಿಕೆ
ಬೆಂಗಳೂರು ಸೀಮೆಯ ಕೆರೆಗಳಲ್ಲಿ ಡಿಸೆಂಬರ್–ಜನವರಿಯ ಚಳಿಯಲ್ಲಿ ಗಾಳ ಹಾಕಿ ಮೀನು ಹಿಡಿಯುವ ಕ್ರಮ. ಮೀನು ಶೀತರಕ್ತ ಜೀವಿ. ನೀರು ತಣ್ಣಗಾದಷ್ಟೂ ಅದರ ಹಸಿವು ಇಳಿಯುತ್ತದೆ. ಆದ್ದರಿಂದ ನಸುಕಿಗಿಂತ, ಬಿಸಿಲೇರಿ ದಡದ ನೀರು ಬೆಚ್ಚಗಾದ ಮಧ್ಯಾಹ್ನವೇ ಮೇಲು. ಭಾರತಕ್ಕೆ 1952ರಲ್ಲಿ ಬಂದ ಆಫ್ರಿಕಾ ಮೂಲದ ತಿಲಾಪಿಯಾ, ಜನರ ಬಾಯಲ್ಲಿ ಜಿಲೇಬಿ, ಚಳಿಗೆ ಬೇಗ ಮಂಕಾಗುತ್ತದೆ. ಸಾಮಾನ್ಯ ಗೆಂಡೆ ತಡೆದುಕೊಳ್ಳುತ್ತದೆ. ಸಣ್ಣ ಗಾಳಕ್ಕೆ ಎರೆಹುಳು ಸಿಕ್ಕಿಸಿ ಬೆಂಡು ಕಟ್ಟಿ ಬಿಟ್ಟರೆ, ಈ ಕಾಲದಲ್ಲಿ ಬೆಂಡು ಗಬಕ್ಕನೆ ಮುಳುಗುವುದು ಕಡಿಮೆ. ಒಮ್ಮೆ ಅದುರಿ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಎಳೆಯಬೇಕಾದ್ದು ಆಗಲೇ. ಕೆರೆಗಳ ಮೀನು ಹಕ್ಕನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆಗೆ ಕೊಡುವುದುಂಟು. ಅಂಜನಾಪುರದಂಥ ನಗರದಂಚಿನ ಕೆರೆಗಳಲ್ಲಿ ಅನುಮತಿ ಕೇಳಿಯೇ ಗಾಳ ಹಾಕಬೇಕು. ಕೊಳಚೆ ಸೇರುವ ಕೆರೆಯ ಮೀನು ತಿನ್ನಲು ಯೋಗ್ಯವಲ್ಲ.