ಹಾಜರಿ ಪುಸ್ತಕದ ಒಂದು ಹೆಸರು

ದೇಶದಲ್ಲಿ ಕೊರೊನಾ ಲಸಿಕೆ ಶುರುವಾದದ್ದು 2021ರ ಜನವರಿ 16ರಂದು. ಏಪ್ರಿಲ್ 1ರಿಂದ 45 ತುಂಬಿದ ಎಲ್ಲರಿಗೂ ಕೊಡತೊಡಗಿದಾಗ ವಿಜಯಪುರದಲ್ಲಿ ನಾನೂ ಸರದಿಯಲ್ಲಿ ನಿಂತೆ. ಬಬಲೇಶ್ವರದಲ್ಲಿದ್ದ ನಮ್ಮ ಅತ್ತೆಯವರು ಮಾತ್ರ, "ನಾ ಒಲ್ಲೆ ಬಿಡವಾ, ಜ್ವರ ಬರ್ತಾವಂತ" ಎಂದು ಬಾಗಿಲು ಹಾಕಿಕೊಂಡರು. ಆಶಾ ಕಾರ್ಯಕರ್ತೆ ಮೂರು ಸಲ ಬಂದು, ಕಟ್ಟೆಯ ಮೇಲೆ ಕೂತು, ಚಹಾ ಕುಡಿದು ಒಪ್ಪಿಸಿದಳು. ಎರಡು ದಿನ ಮೈ ಬಿಸಿಯಾಯಿತು, ಅಷ್ಟೇ. ಮೂರನೆಯ ದಿನ ಅತ್ತೆಯವರೇ ಓಣಿಯ ಹೆಂಗಸರಿಗೆ ಬುದ್ಧಿ ಹೇಳುತ್ತಿದ್ದರು!

ಅಷ್ಟರಲ್ಲಿ ಎರಡನೆಯ ಅಲೆ. ಮೇ 10ರಿಂದ ಮತ್ತೆ ಲಾಕ್‌ಡೌನ್. ಜೂನ್‌ನಲ್ಲಿ ಸಡಿಲಾದಾಗ ಮೊದಲು ಅಂಗಡಿ, ಆಮೇಲೆ ಬಸ್ಸು, ಅವೆಲ್ಲ ಆದಮೇಲೆ ಶಾಲೆ.

ಆಗಸ್ಟ್ 23ರಂದು ಒಂಬತ್ತನೆಯ, ಹತ್ತನೆಯ ತರಗತಿಗಳು ತೆರೆದವು. ತಿಕೋಟಾ ಬಸ್ಸು ಹತ್ತಿದೆ. ಅರ್ಧ ಮುಖ ಮಾಸ್ಕಿನೊಳಗಿದ್ದರೂ ಮಕ್ಕಳ ಕಣ್ಣು ನಗುತ್ತಿದ್ದವು. ಹಾಜರಿ ಕೂಗುತ್ತ ಒಂಬತ್ತನೆಯ ತರಗತಿಯ ಒಂದು ಹೆಸರಿಗೆ ಬಂದೆ. ಯಾರೂ ಓಗೊಡಲಿಲ್ಲ.

"ಆಕಿದು ಮದುವಿ ಆತ್ರಿ ಅಕ್ಕೋರ" ಎಂದಳು ಪಕ್ಕದ ಹುಡುಗಿ.

ಲೆಕ್ಕದಲ್ಲಿ ಜಾಣೆ. ಹದಿನೈದು ತುಂಬಿರಲಿಲ್ಲ. ಶಾಲೆಯಿಲ್ಲ, ಮದುವೆಗೆ ಹೆಚ್ಚು ಮಂದಿಯನ್ನು ಕರೆಯುವಂತಿಲ್ಲ, ಖರ್ಚು ಕಡಿಮೆ. ಹಿರಿಯರಿಗೆ ಅನುಕೂಲವಾಯಿತು.

ಅವರ ಮನೆಯಲ್ಲಿ ಫೋನಿಲ್ಲವೆಂದು ನನಗೆ ಗೊತ್ತಿತ್ತು. ಅತ್ತೆಯವರ ಬಾಗಿಲಿಗೆ ಆಶಾ ಮೂರು ಸಲ ಹೋದಳು. ಈ ಬಾಗಿಲಿಗೆ ನಾನು ಒಮ್ಮೆಯೂ ಹೋಗಲಿಲ್ಲ.

ಅಕ್ಟೋಬರ್ 21ಕ್ಕೆ ದೇಶದಲ್ಲಿ ನೂರು ಕೋಟಿ ಡೋಸು ಪೂರ್ತಿಯಾದವು. ಸಂತೋಷವೇ. ಆದರೆ ಅಂದಿನಿಂದ ಯಾವ ಹುಡುಗಿಯಾದರೂ ಮೂರು ದಿನ ಶಾಲೆಗೆ ಬರದಿದ್ದರೆ, ನಾಲ್ಕನೆಯ ದಿನ ನಾನೇ ಮನೆ ಹುಡುಕಿಕೊಂಡು ಹೋಗುತ್ತೇನೆ.